ಗುಸ್ಸಾ ಐತಾ?

ಬೆಳಿಗ್ಗೆ ಅಂಗಡಿ ತೆಗೆಯುವವರು ಬಗ್ಗಿ, ಹಿಡಿಗೆ ಕೈ ಹಾಕಿ ಒಂದು ಸಲ ಜಗ್ಗುತ್ತಾರೆ, ಶಟರ್ ಗಡಗಡ ಅಂತ ಮೇಲೆ ಹೋಗುತ್ತದೆ. ತಾವೇ ಎತ್ತಿದೆವು ಅಂದುಕೊಂಡು ಕೈ ಕೊಡವಿ ಊದುಬತ್ತಿ ಹಚ್ಚಲು ಹೋಗುತ್ತಾರೆ. ಅದನ್ನು ನೋಡಿದಾಗಲೆಲ್ಲ ನನಗೆ ಮೈ ಉರಿಯುತ್ತದೆ. ಸ್ಪ್ರಿಂಗ್ ಕಿತ್ತ ಹತ್ತಡಿ ಅಗಲದ ಶಟರನ್ನು ಇಬ್ಬರು ಗಟ್ಟಿ ಆಳುಗಳು ಸೇರಿ ಎತ್ತಿದರೂ ಮೊಣಕಾಲಿಗಿಂತ ಮೇಲೆ ಬರುವುದಿಲ್ಲ. ಬಂದರೂ, ಕೈ ಬಿಟ್ಟ ಗಳಿಗೆಯಲ್ಲಿ ಕೆಳಗೆ ಬಂದು ಪಾದದ ಮೇಲೆ ಕೂರುತ್ತದೆ. ಎತ್ತುವುದು ನೀವಲ್ಲ ಸ್ವಾಮಿ, ಮೇಲಿನ ಡಬ್ಬಿಯಲ್ಲಿ ಹಲ್ಲು ಕಚ್ಚಿಕೊಂಡು ಕೂತಿರುವ ಸ್ಪ್ರಿಂಗು.

ಕೋಲಾರ, ಮುಳಬಾಗಿಲು, ಶ್ರೀನಿವಾಸಪುರ, ಮಾಲೂರು, ಈ ನಾಲ್ಕು ಊರುಗಳಲ್ಲಿ ನಾನು ಮತ್ತು ನನ್ನ ತಮ್ಮ ಕಟ್ಟಿದ ಶಟರುಗಳು ಎಷ್ಟಿವೆಯೋ ಲೆಕ್ಕವಿಲ್ಲ. ಮೊದಲು ನಾನು ಶಟರುಗಳ ಮೇಲೆ ಅಂಗಡಿ ಹೆಸರು ಬರೆಯುತ್ತಿದ್ದೆ. ಅಕ್ಷರದ ಚಪಲ ಅಲ್ಲಿಂದ ಬಂದಿದ್ದು. ಆಮೇಲೆ ಫ್ಲೆಕ್ಸ್ ಬಂತು, ಬ್ರಷ್ ಬಿಟ್ಟು ಪೈಪು ತಿರುಗಿಸುವ ಪಾನಾ ಹಿಡಿದೆ. ತಮ್ಮ ನನಗಿಂತ ಎರಡು ವರ್ಷಕ್ಕೆ ಚಿಕ್ಕವನು, ನನ್ನ ಹಿಂದೆಯೇ ಶಟರ್ ಕಟ್ಟುವ ಶೆಡ್ಡಿಗೆ ಬಂದ.

ಈ ಕೆಲಸದ ಒಳಗುಟ್ಟು ಇಷ್ಟೇ. ಬಾಗಿಲಿನ ಮೇಲೆ ಗೋಡೆಯಿಂದ ಗೋಡೆಗೆ ಒಂದು ಕಬ್ಬಿಣದ ಪೈಪು. ಪೈಪಿನ ಮೇಲೆ ಎರಡೋ ಮೂರೋ ದುಂಡನೆಯ ಡಬ್ಬಿಗಳು. ಪ್ರತಿ ಡಬ್ಬಿಯೊಳಗೆ ಒಂದು ಉಕ್ಕಿನ ಪಟ್ಟಿ, ಚಕ್ಕುಲಿಯ ಹಾಗೆ ಸುರುಳಿ ಸುತ್ತಿಕೊಂಡಿರುತ್ತದೆ. ಸುರುಳಿಯ ಒಳತುದಿ ಪೈಪಿಗೆ ಸಿಕ್ಕಿಸಿದ್ದು, ಹೊರತುದಿ ಡಬ್ಬಿಗೆ. ಪೈಪು ಅಲ್ಲಾಡುವುದಿಲ್ಲ, ಡಬ್ಬಿ ತಿರುಗುತ್ತದೆ, ಶಟರು ಡಬ್ಬಿಗೆ ಕಚ್ಚಿಕೊಂಡಿರುತ್ತದೆ. ಸಂಜೆ ನೀವು ಶಟರ್ ಕೆಳಗೆ ಎಳೆದಾಗ ಸುರುಳಿ ಬಿಗಿಯಾಗಿ ಅದರ ತೂಕವೆಲ್ಲ ಪಟ್ಟಿಯೊಳಗೆ ಹೋಗಿ ಕೂರುತ್ತದೆ. ಬೆಳಿಗ್ಗೆ ಎತ್ತಿದಾಗ ಸುರುಳಿ ಬಿಚ್ಚಿಕೊಂಡು ಅದೇ ತೂಕವನ್ನು ವಾಪಸು ಕೊಡುತ್ತದೆ. ಒಳ್ಳೆ ಕೈ ಕಟ್ಟಿದ ಶಟರನ್ನು ಅರ್ಧಕ್ಕೆ ಎತ್ತಿ ಬಿಟ್ಟರೆ ಅಲ್ಲೇ ನಿಲ್ಲಬೇಕು.

ಶಟರು ಪೂರ್ತಿ ಮೇಲಿದ್ದಾಗಲೂ ಪಟ್ಟಿಯಲ್ಲಿ ಒಂದಿಷ್ಟು ಬಿಗಿ ಉಳಿದಿರಬೇಕು, ಇಲ್ಲದಿದ್ದರೆ ಶಟರು ಜೋತುಬೀಳುತ್ತದೆ. ಅದಕ್ಕೆ ಕಟ್ಟುವಾಗಲೇ ಪೈಪಿಗೆ ಮೂರಡಿ ಉದ್ದದ ಪಾನಾ ಹಾಕಿ, ಪೈಪನ್ನೇ ಒಂದಷ್ಟು ಸುತ್ತು ತಿರುಗಿಸಿ, ಅದರ ತುದಿಯನ್ನು ಕ್ಲಾಂಪಿನಲ್ಲಿ ಹಿಡಿದು ಬೋಲ್ಟು ಬಿಗಿಯುತ್ತೇವೆ. ಅಲ್ಲಿಂದ ಮುಂದೆ ಅಷ್ಟೂ ಬಲವನ್ನು ತಡೆದು ನಿಲ್ಲಿಸಿರುವುದು ಎರಡು ಬೋಲ್ಟು. ರಿಪೇರಿ ಅಂದರೆ ಇದರ ಉಲ್ಟಾ. ಒಬ್ಬ ಪಾನಾ ಹಿಡಿದು ಬಲವನ್ನು ತನ್ನ ತೋಳಿಗೆ ತೆಗೆದುಕೊಳ್ಳಬೇಕು, ಇನ್ನೊಬ್ಬ ಬೋಲ್ಟು ಸಡಿಲ ಮಾಡಬೇಕು. ಅರ್ಧ ಸುತ್ತು ಬಿಟ್ಟು ಮತ್ತೆ ಬಿಗಿ, ಮತ್ತೆ ಅರ್ಧ ಸುತ್ತು. ಪೂರ್ತಿ ಇಳಿಯುವ ಮುಂಚೆ ಬೋಲ್ಟು ಬಿಚ್ಚಿದರೆ ಪೈಪು ಗಿರ್ರನೆ ತಿರುಗುತ್ತದೆ, ಅದರ ಜೊತೆ ಮೂರಡಿ ಕಬ್ಬಿಣವೂ ತಿರುಗುತ್ತದೆ. ಎದುರಿಗೆ ಯಾರ ಮುಖ ಇದೆ ಅಂತ ಅದು ಕೇಳುವುದಿಲ್ಲ.

ನಮ್ಮ ಶೆಡ್ಡಿನ ಯಜಮಾನರನ್ನು ನಾವು ಚಾಚಾ ಅನ್ನುತ್ತಿದ್ದೆವು. ಅವರ ಅಪ್ಪ, ತಾತ ಎತ್ತಿನ ಗಾಡಿಯ ಚಕ್ರಕ್ಕೆ ಪಟ್ಟಿ ಹೊಡೆದವರು, ಅವರ ಕಾಲಕ್ಕೆ ಶಟರ್ ಬಂದಿತ್ತು. ಕೆಳಗಿನ ಮೂರು ಹಲ್ಲಿಲ್ಲ, ಬಲ ಮಣಿಕಟ್ಟು ಸೊಟ್ಟ. ಎರಡನ್ನೂ ಒಂದೇ ದಿನ ಒಂದೇ ಪೈಪು ತೆಗೆದುಕೊಂಡು ಹೋಯಿತಂತೆ. ಸ್ಪ್ರಿಂಗಿನಲ್ಲಿ ತುಂಬಿಕೊಳ್ಳುವ ಬಲಕ್ಕೆ ಅವರು ಇಟ್ಟ ಹೆಸರು ಗುಸ್ಸಾ, ಅಂದರೆ ಸಿಟ್ಟು. ಮೊದಲ ದಿನವೇ ನಮ್ಮಿಬ್ಬರನ್ನೂ ಏಣಿ ಕೆಳಗೆ ನಿಲ್ಲಿಸಿ ಹೇಳಿದ್ದರು.

"ಪೈಲೆ ಗುಸ್ಸಾ ಇಳ್ಸು, ಆಮೇಲೆ ಬೋಲ್ಟ್ ಮುಟ್ಟು. ಬೋಲ್ಟ್ ಹತ್ರ ಇರೋನು ಬಾಯ್ ಬಿಟ್ಟು ಕೇಳ್ಬೇಕು, ಗುಸ್ಸಾ ಐತಾ ಅಂತ. ಪಾನಾ ಹಿಡ್ದೋನು ಬಾಯ್ ಬಿಟ್ಟು ಹೇಳ್ಬೇಕು. ಐತೆ ಅಂದ್ರೆ ಬಿಗಿ. ಇಲ್ಲ ಅಂದ್ರೆ ಬಿಚ್ಚು. ತಲೆ ಆಡ್ಸೋದು, ಕಣ್ ಹೊಡೆಯೋದು ಏನೂ ನಡ್ಯಲ್ಲ ಇಲ್ಲಿ."

ಅದು ನಮ್ಮ ನಿಯಮವಾಯಿತು. ದಿನಕ್ಕೆ ಹತ್ತು ಸಲ, ಹದಿನೈದು ಸಲ ತಮ್ಮ ಕೇಳುತ್ತಿದ್ದ, ನಾನು ಹೇಳುತ್ತಿದ್ದೆ. ಗುಸ್ಸಾ ಐತಾ? ಐತೆ. ಗುಸ್ಸಾ ಐತಾ? ಇಲ್ಲ. ಕೊನೆಕೊನೆಗೆ ಮಾತು ಕಿವಿಯಿಂದ ನೇರ ಕೈಗೇ ಹೋಗುತ್ತಿತ್ತು, ನಡುವೆ ತಲೆಗೆ ಕೆಲಸವೇ ಇರಲಿಲ್ಲ. ಇದೇ ಚೆನ್ನ ಅಂತ ಚಾಚಾ ಹೇಳುತ್ತಿದ್ದರು.

ಇನ್ನು ನನ್ನ ಗುಸ್ಸಾ. ಮುಚ್ಚಿಡುವುದೇನಿದೆ, ನನ್ನ ಕೈ ಮಾತಿಗಿಂತ ಮುಂಚೆ ಏಳುತ್ತದೆ. ಎಂಟನೇ ಕ್ಲಾಸಿನಲ್ಲಿ ಒಬ್ಬನ ಮೂಗು ಒಡೆದೆ. ಮಾಲೂರು ಸ್ಟೇಷನ್ನಿನಲ್ಲಿ ಒಮ್ಮೆ ರೈಲು ಹತ್ತುವಾಗ ಪಾನಾದ ಚೀಲಕ್ಕೆ ಒದ್ದ ಒಬ್ಬನ ಕಾಲರ್ ಹಿಡಿದು ಜಗ್ಗಿದೆ, ಅವನ ಅಂಗಿಯ ಗುಂಡಿಗಳೆಲ್ಲ ಪ್ಲಾಟ್‌ಫಾರ್ಮಿನ ಮೇಲೆ ಉರುಳಿದವು. ನಮ್ಮಪ್ಪ ನಮ್ಮನ್ನು ಬಾರುಕೋಲಿನಲ್ಲಿ ಹೊಡೆಯುತ್ತಿದ್ದರು, ಹೊಡೆದ ಮೇಲೆ ಅದೇ ಕೈಯಲ್ಲಿ ಮುದ್ದೆ ಮುರಿದು ಕೊಡುತ್ತಿದ್ದರು. ಅಪ್ಪನ ಹೊಡೆತ ನಾನು ತಿಂದಿದ್ದಕ್ಕಿಂತ ತಮ್ಮ ತಿಂದಿದ್ದು ಕಡಿಮೆ. ಅವನ ಪಾಲಿನದನ್ನೂ ನಾನೇ ತಿಂದಿದ್ದೇನೆ, ಆದ್ದರಿಂದ ಅವನನ್ನು ಹೊಡೆಯುವ ಹಕ್ಕು ನನಗಿದೆ ಅಂತ ನಾನು ಒಳಗೊಳಗೇ ನಂಬಿದ್ದೆ. ಇದನ್ನು ಬರೆಯುವಾಗ ನಾಚಿಕೆಯಾಗುತ್ತದೆ, ಆಗ ಆಗುತ್ತಿರಲಿಲ್ಲ.

ನಂಗಲಿಯ ಹೆದ್ದಾರಿ ಪಕ್ಕದಲ್ಲಿ ಒಂದು ಟೈರು ಅಂಗಡಿ. ಆಂಧ್ರದ ಕಡೆಯಿಂದ ಬರುವ ಲಾರಿಗಳು ಅಲ್ಲಿ ನಿಲ್ಲುತ್ತವೆ. ಹೊಸ ಶಟರು, ಎರಡು ಡಬ್ಬಿ. ಡಬ್ಬಿಗಳನ್ನು ಪೈಪಿಗೆ ಪೋಣಿಸಿದ್ದು ತಮ್ಮ. ಒಂದು ಡಬ್ಬಿಯನ್ನು ಸರಿಯಾಗಿ ಹಾಕಿದ, ಇನ್ನೊಂದನ್ನು ಮಗುಚಿ ಹಾಕಿದ. ಮಗುಚಿದ ಡಬ್ಬಿಯಲ್ಲಿ ಸುರುಳಿ ಉಲ್ಟಾ ತಿರುಗುತ್ತದೆ. ಒಂದು ಬಿಗಿಯಾಗುವಾಗ ಇನ್ನೊಂದು ಬಿಚ್ಚಿಕೊಂಡು, ಬಿಚ್ಚಲು ಏನೂ ಉಳಿಯದೆ ಹಿಂದಕ್ಕೆ ಮಡಚಿಕೊಳ್ಳುತ್ತದೆ. ನಾನು ನೋಡದೆ ಶಟರ್ ಕೆಳಗೆ ಜಗ್ಗಿದೆ. ಬಂದೂಕು ಹಾರಿದ ಸದ್ದಾಯಿತು. ಪಟ್ಟಿಯ ಕೊಕ್ಕೆ ಕಿತ್ತು, ಅಂಗೈಯಗಲದ ಉಕ್ಕಿನ ಚೂರು ನನ್ನ ಬಲಗಿವಿಯ ಪಕ್ಕದಲ್ಲಿ ಹೋಗಿ ಹಿಂದಿದ್ದ ಲಾರಿ ಟೈರಿಗೆ ನಾಟಿಕೊಂಡಿತು. ಟೈರು ಬುಸ್ಸೆಂದು ಗಾಳಿ ಬಿಡುತ್ತಾ ಕುಸಿಯುವುದನ್ನು ನೋಡುತ್ತಾ ನಿಂತೆ. ಆ ಚೂರು ನಾಲ್ಕು ಬೆರಳು ಎಡಕ್ಕೆ ಬಂದಿದ್ದರೆ ಕುಸಿಯುತ್ತಿದ್ದವನು ನಾನು.

ತಮ್ಮ ಓಡಿ ಬಂದ. ಹೆದರಿಕೆ ನನ್ನ ಮೈಯೆಲ್ಲ ತುಂಬಿತ್ತು, ಅದು ಹೊರಗೆ ಬಂದಿದ್ದು ಕೈಯಿಂದ. ಗ್ರೀಸು ಮೆತ್ತಿದ ಕೈಯಲ್ಲಿ ಅವನ ಎಡಗೆನ್ನೆಗೆ ಬಾರಿಸಿದೆ. ಅವನು ಎರಡು ಹೆಜ್ಜೆ ಹಿಂದಕ್ಕೆ ಹೋಗಿ ಟೈರುಗಳ ಮೇಲೆ ಬಿದ್ದ. ಅಷ್ಟಕ್ಕೇ ಮುಗಿದಿದ್ದರೆ ಆಗಿತ್ತು, ನಮ್ಮ ನಡುವೆ ಇಂಥದ್ದು ಹೊಸದಲ್ಲ. ಆದರೆ ಅವನ ಮಾವ, ಅವನ ಹೆಂಡತಿಯ ತಂದೆ, ರಸ್ತೆಯಾಚೆಯ ಊರಿನವರು, ಅಳಿಯ ಇಲ್ಲಿ ಕೆಲಸಕ್ಕೆ ಬಂದಿದ್ದಾನೆಂದು ತಿಳಿದು ಹೆಗಲ ಮೇಲೆ ಹಲಸಿನ ಹಣ್ಣು ಹೊತ್ತುಕೊಂಡು ಅದೇ ಹೊತ್ತಿಗೆ ಅಂಗಡಿಯ ಮುಂದೆ ಬಂದು ನಿಂತಿದ್ದರು. ಅವರು ಹಣ್ಣನ್ನು ಕೆಳಗಿಟ್ಟು, ಹೆಗಲ ಟವಲು ಸರಿ ಮಾಡಿಕೊಂಡು, ಬಂದ ದಾರಿಯಲ್ಲೇ ಹೊರಟುಹೋದರು.

ತಮ್ಮ ಆ ಗ್ರೀಸನ್ನು ಒರೆಸಿಕೊಳ್ಳಲಿಲ್ಲ. ಟೈರು ಅಂಗಡಿಯವರು ನೀರು ಕೊಟ್ಟರೆ ಬೇಡ ಅಂದ. ನಂಗಲಿಯಿಂದ ಮುಳಬಾಗಿಲಿಗೆ ಬಸ್ಸಿನಲ್ಲಿ ಬರುವಾಗ, ಕೆನ್ನೆಯ ಮೇಲೆ ನನ್ನ ನಾಲ್ಕು ಬೆರಳು ಕಪ್ಪಗೆ ಮೂಡಿರುವಂತೆಯೇ ಕಿಟಕಿ ಪಕ್ಕ ಕೂತಿದ್ದ. ಕಂಡಕ್ಟರ್ ನೋಡಿದ, ಹೂವಿನ ಬುಟ್ಟಿಯ ಹೆಂಗಸು ನೋಡಿದಳು. ಆ ಕೆನ್ನೆಯಲ್ಲೇ ಮನೆಗೆ ಹೋದ. ನಮ್ಮಮ್ಮ ಬಾಗಿಲಲ್ಲೇ ಅವನ ಮುಖ ಹಿಡಿದು, ಮನೆಯ ತೆಲುಗಿನಲ್ಲಿ, ಏಮಿರಾ ಇದಿ, ಅಂತ ಕೇಳಿದರಂತೆ. ಅವನು ನೇರ ಹೆಂಡತಿಯ ಮುಂದೆ ಹೋಗಿ ನಿಂತನಂತೆ.

ಅಲ್ಲಿಂದ ಹನ್ನೊಂದು ದಿನ ನಮಗೆ ಮಾತಿಲ್ಲ. ಆದರೆ ಶಟರು ಒಬ್ಬರ ಕೈಲಿ ಆಗುವ ಕೆಲಸವಲ್ಲ, ಬಿಟ್ಟರೆ ಹೊಟ್ಟೆಗಿಲ್ಲ. ದಿನಾ ಒಂದೇ ಗಾಡಿಯಲ್ಲಿ ಹೋಗುತ್ತಿದ್ದೆವು. ನಾನು ಮುಂದೆ, ಅವನು ಹಿಂದೆ, ನಡುವೆ ಪಾನಾದ ಚೀಲ. ಊಟಕ್ಕೆ ಬೇರೆ ಬೇರೆ ಹೋಟೆಲು. ಏಣಿ ಹತ್ತಿದ ಮೇಲೆ ಮಾತ್ರ ನಿಯಮದ ಎರಡು ಮಾತು. ಗುಸ್ಸಾ ಐತಾ? ಐತೆ. ಗುಸ್ಸಾ ಐತಾ? ಇಲ್ಲ. ಮೊದಲು ಅವನು ಪ್ರತಿ ಮಾತಿಗೂ ಅಣ್ಣ ಅನ್ನುತ್ತಿದ್ದ, ಈಗ ಅದನ್ನು ಕತ್ತರಿಸಿಬಿಟ್ಟಿದ್ದ. ಅಣ್ಣ ಅನ್ನದಿದ್ದರೆ ಹೋಗಲಿ ಅಂತ ನಾನೂ ಬಿಗಿದುಕೊಂಡಿದ್ದೆ. ನಾನು ಕ್ಷಮೆ ಕೇಳಬೇಕಿತ್ತು. ಕೇಳಲಿಲ್ಲ. ಕಿವಿಯ ಪಕ್ಕದಲ್ಲಿ ಸಾವು ಹೋಗಿದ್ದು ನನಗೆ, ಸಿಟ್ಟು ಅವನಿಗಾ, ಅಂತ ದಿನವೂ ಇನ್ನೊಂದು ಸುತ್ತು ಬಿಗಿ ಮಾಡಿಕೊಳ್ಳುತ್ತಿದ್ದೆ.

ಹನ್ನೆರಡನೆಯ ದಿನ ಶ್ರೀನಿವಾಸಪುರದ ಮಾವಿನ ಮಂಡಿಯೊಂದಕ್ಕೆ ಹೋದೆವು. ಸುಗ್ಗಿ ಶುರುವಾಗುವ ಮುಂಚೆ ಶಟರು ಸರಿಯಾಗಬೇಕು ಅಂತ ಮಂಡಿಯ ಯಜಮಾನರು ಹಟ ಹಿಡಿದಿದ್ದರು. ಹದಿನಾಲ್ಕು ಅಡಿ ಅಗಲ, ಮೂರು ಡಬ್ಬಿ, ಒಂದರ ಪಟ್ಟಿ ಬಿರುಕು ಬಿಟ್ಟಿತ್ತು. ಯಾರೋ ಹಳಬರು ತುಂಬಾ ಬಿಗಿಯಾಗಿ ಕಟ್ಟಿದ್ದರು. ಪಾನಾ ಹಾಕಿ ಮೊದಲ ಸಲ ಬಲ ತೆಗೆದುಕೊಂಡಾಗಲೇ ನನ್ನ ಭುಜ ಕಳಕ್ ಅಂದಿತು. ಬೆಳಗಿನ ಹತ್ತು ಗಂಟೆಗೇ ತಗಡು ಕಾದು, ಏಣಿಯ ಮೇಲೆ ಬೆವರು ಕಣ್ಣಿಗೆ ಇಳಿಯುತ್ತಿತ್ತು. ಎದುರಿನ ಏಣಿಯಲ್ಲಿ ತಮ್ಮ, ಕ್ಲಾಂಪಿನ ಪಕ್ಕ. ಅರ್ಧ ಸುತ್ತು ಬಿಟ್ಟೆವು, ಬಿಗಿದೆವು. ಮತ್ತೆ ಅರ್ಧ ಸುತ್ತು. ಆರೇಳು ಸಲ ಆಯಿತು. ಒಳಗೆ ಇನ್ನೂ ಬೇಕಾದಷ್ಟಿತ್ತು. ತೋಳು ಸೆಳೆತ ಹಿಡಿದಿದ್ದರಿಂದ, ಕ್ಲಾಂಪು ಬಿಗಿಯಾಗಿದೆ ಅಂತ ಖಾತ್ರಿ ಮಾಡಿಕೊಂಡು ಪಾನಾದಿಂದ ಕೈ ತೆಗೆದೆ. ಪಾನಾ ಪೈಪನ್ನು ಕಚ್ಚಿಕೊಂಡು ಹಾಗೇ ನಿಂತಿತ್ತು. ಅಂಗಿಯ ತೋಳಿನಿಂದ ಮುಖ ಒರೆಸಿಕೊಳ್ಳುತ್ತಿದ್ದೆ.

"ಗುಸ್ಸಾ ಐತಾ ಅಣ್ಣ?" ಅಂದ ತಮ್ಮ.

ಹನ್ನೊಂದು ದಿನದ ಮೇಲೆ ಅಣ್ಣ ಅಂದಿದ್ದ. ದನಿ ಬೇರೆಯಾಗಿತ್ತು. ಕೆಲಸದ ದನಿ ಅಲ್ಲ, ಚಿಕ್ಕಂದಿನಲ್ಲಿ ಅಪ್ಪ ಹೊಡೆದ ಮೇಲೆ ಚಾಪೆಯ ಆಚೆ ತುದಿಯಿಂದ ನೋವಾಯ್ತಾ ಅಂತ ಕೇಳುತ್ತಿದ್ದನಲ್ಲ, ಆ ದನಿ. ಅವನ ಮುಖ ನೋಡಲು ಧೈರ್ಯ ಸಾಲದೆ ಮುಖ ಒರೆಸಿಕೊಳ್ಳುವ ನೆಪದಲ್ಲಿ ಅಂಗಿಯ ತೋಳಿನೊಳಗೇ ಹೇಳಿದೆ.

"ಇಲ್ಲ ಬಿಡೋ."

ಕಿರ್ ಅಂತ ಬೋಲ್ಟು ತಿರುಗಿದ ಸದ್ದು ಕೇಳಿಸಿತು. ಇದನ್ನು ನಾನು ಈವರೆಗೆ ಯಾರಿಗೂ ಹೇಳಿಲ್ಲ. ಒಂದೇ ಸುತ್ತಿನಲ್ಲಿ ಆ ಬೋಲ್ಟು ಸಡಿಲವಾಗುವುದಿಲ್ಲ, ಎರಡು ಬೇಕು. ಒಂದನೆಯದಕ್ಕೂ ಎರಡನೆಯದಕ್ಕೂ ನಡುವೆ ಒಂದು ಉಸಿರಿನಷ್ಟು ಹೊತ್ತಿತ್ತು. ಐತೆ ಅನ್ನಲು ಅಷ್ಟು ಸಾಕು. ನನ್ನ ಬಾಯಿ ಏಳಲಿಲ್ಲ. ಅರ್ಥವಾಗಲಿಲ್ಲವೋ, ಅರ್ಥವಾಗಿಯೂ ತಡವಾಯಿತೋ, ಹನ್ನೊಂದು ದಿನ ಬಿಗಿದುಕೊಂಡಿದ್ದು ಬಾಯಿಯನ್ನೇ ಹಿಡಿದುಕೊಂಡಿತೋ, ಇವತ್ತಿಗೂ ಆಣೆ ಮಾಡಿ ಹೇಳಲಾರೆ.

ಪಾನಾ ತಿರುಗಿತು. ನನ್ನ ಕಣ್ಣಿಗೆ ಬಿದ್ದಿದ್ದು ಅದರ ಗಾಳಿ ಮಾತ್ರ. ತೆಂಗಿನಕಾಯಿ ಒಡೆದ ಸದ್ದಾಯಿತು. ತಮ್ಮನ ದವಡೆಗೆ ಕೆಳಗಿನಿಂದ ಬಡಿದು, ಅವನನ್ನು ಏಣಿಯಿಂದ ಎತ್ತಿ, ಖಾಲಿ ಮಾವಿನ ಕ್ರೇಟುಗಳ ಮೇಲೆ ಎಸೆಯಿತು. ಪಾನಾ ಇನ್ನೂ ಎರಡು ಸುತ್ತು ಹೊಡೆದು, ಪೈಪಿನಿಂದ ಕಳಚಿ, ಗೋಡೆಯ ಗಾರೆ ಕಿತ್ತು ನೆಲಕ್ಕೆ ಬಿತ್ತು. ನಾನು ಏಣಿ ಇಳಿದೆನೋ ಹಾರಿದೆನೋ ನೆನಪಿಲ್ಲ. ಅವನ ಬಾಯಿ ಇರಬೇಕಾದ ಕಡೆ ಇರಲಿಲ್ಲ, ಒಂದು ಪಕ್ಕಕ್ಕೆ ಜರುಗಿತ್ತು. ಕ್ರೇಟಿನ ಸಂದಿಯಲ್ಲಿ ಅವನ ಎರಡು ಹಲ್ಲು ಬಿದ್ದಿದ್ದವು. ಯಾಕೋ ಅವನ್ನು ಆರಿಸಿ ಜೇಬಿಗೆ ಹಾಕಿಕೊಂಡೆ.

ಮಂಡಿಯವರ ಟೆಂಪೋದಲ್ಲೇ ಕೋಲಾರಕ್ಕೆ ಹೊರಟೆವು. ದಾರಿಯುದ್ದಕ್ಕೂ ನಾನು ಅವನ ದವಡೆಯನ್ನು ಟವಲಿನಿಂದ ಎತ್ತಿ ಹಿಡಿದಿದ್ದೆ. ಟವಲು ನೆನೆದು, ನನ್ನ ಮೊಣಕೈಯಿಂದ ರಕ್ತ ತೊಟ್ಟಿಕ್ಕುತ್ತಿತ್ತು. ಹಳ್ಳ ಬಂದಾಗಲೆಲ್ಲ ಅವನ ಗಂಟಲಿನಿಂದ ಒಂದು ಸದ್ದು ಬರುತ್ತಿತ್ತು, ನಾನು ಡ್ರೈವರನಿಗೆ ಬಾಯಿಗೆ ಬಂದಂತೆ ಬೈಯುತ್ತಿದ್ದೆ. ತಮ್ಮನ ಕಣ್ಣು ತೆರೆದಿತ್ತು. ನನ್ನನ್ನೇ ನೋಡುತ್ತಿದ್ದ. ಆ ನೋಟ ಕೇಳುತ್ತಿದ್ದುದು ಒಂದೇ ಪ್ರಶ್ನೆ ಅಂತ ನನಗೆ ಅನಿಸಿತು. ಬೇಕಂತ ಮಾಡಿದೆಯಾ?

ದವಡೆ ಎರಡು ಕಡೆ ಮುರಿದಿತ್ತು. ಆಸ್ಪತ್ರೆಯಲ್ಲಿ ಪ್ಲೇಟು ಹಾಕಿ, ಮೇಲಿನ ಹಲ್ಲಿಗೂ ಕೆಳಗಿನ ಹಲ್ಲಿಗೂ ತಂತಿ ಬಿಗಿದು ಬಾಯಿ ಮುಚ್ಚಿದರು. ಆರು ವಾರ ಮಾತಿಲ್ಲ, ರಾಗಿ ಗಂಜಿ ಮಾತ್ರ, ಅದೂ ನಳಿಕೆಯಲ್ಲಿ. ಅವನ ಹೆಂಡತಿ ವಾರ್ಡಿನ ಬಾಗಿಲಿನಲ್ಲಿ ನನ್ನನ್ನು ತಡೆದು ನಿಲ್ಲಿಸಿದಳು. ಅವಳು ನನ್ನ ಮುಂದೆ ದನಿ ಎತ್ತಿದವಳಲ್ಲ, ಆ ದಿನವೂ ಎತ್ತಲಿಲ್ಲ.

"ಕೆನ್ನೆಗೆ ಹೊಡ್ದಿದ್ದು ಸಾಲ್ದು ಅಂತ ಇದು ಮಾಡಿದ್ರಾ ಬಾವ?"

ಇಲ್ಲ ಅನ್ನಬೇಕಿತ್ತು. ಆದರೆ ಇಲ್ಲ ಅನ್ನುವ ಮಾತಿನಿಂದಲೇ ಇಷ್ಟೆಲ್ಲ ಆಗಿತ್ತು. ಅದು ನನ್ನ ಬಾಯಿಗೆ ಬರಲಿಲ್ಲ. ಅವಳು ನನ್ನ ಸುಮ್ಮನಿರುವಿಕೆಯನ್ನೇ ಉತ್ತರ ಮಾಡಿಕೊಂಡು ಒಳಗೆ ಹೋದಳು.

ಶೆಡ್ಡಿಗೆ ಹೋಗಿ ಚಾಚಾ ಮುಂದೆ ನಿಂತೆ. ಅವನು ಕೇಳಿದ್ನಾ ಅಂದರು. ಕೇಳಿದ ಅಂದೆ. ನೀನೇನಂದೆ ಅಂದರು. ಇಲ್ಲ ಅಂದೆ ಅಂದೆ. ಅವರು ಕೈಲಿದ್ದ ಚಹಾದ ಲೋಟವನ್ನು ನನ್ನ ಎದೆಗೆ ಎಸೆದರು. ಬಿಸಿ ಚಹಾ, ಎದೆ ಸುಟ್ಟಿತು. ಅವರ ಸೊಟ್ಟ ಕೈಯಿಂದಲೇ ಒಂದೆರಡು ಏಟು ಬಿತ್ತು, ನಾನು ತಡೆಯಲಿಲ್ಲ. ಆಮೇಲೆ ನಡೆದಿದ್ದನ್ನು ಬಿಡಿಸಿ ಹೇಳಿದೆ. ಅಣ್ಣ ಅಂದ ಚಾಚಾ, ಅದಕ್ಕೆ ನಾನು ಜಗಳದ್ದು ಕೇಳ್ತಿದ್ದಾನೆ ಅಂದ್ಕೊಂಡೆ, ರಾಜಿ ಆಗೋಣ ಅಂತ ಇಲ್ಲ ಅಂದೆ. ಚಾಚಾ ಕುರ್ಚಿಯ ಮೇಲೆ ಕೂತುಬಿಟ್ಟರು. ಆ ಮಾತನ್ನು ನಮ್ಮ ಬಾಯಿಗೆ ಹಾಕಿದವರು ಅವರೇ. ಮಾರನೆಯ ದಿನದಿಂದ ಶೆಡ್ಡಿನಲ್ಲಿ ಯಾರೂ ಗುಸ್ಸಾ ಅನ್ನಕೂಡದು, ಟೆನ್ಷನ್ ಅನ್ನಬೇಕು ಅಂತ ಅಪ್ಪಣೆಯಾಯಿತು. ಟೆನ್ಷನ್ ಐತಾ ಅಂತ ಕೇಳಿದರೆ ಈ ಕಾಲದಲ್ಲಿ ಯಾರು ತಾನೇ ಇಲ್ಲ ಅಂದಾರು, ಆ ಲೆಕ್ಕದಲ್ಲಿ ಅದೇ ಕ್ಷೇಮ.

ಆರು ವಾರ ನಾನು ದಿನಾ ತಮ್ಮನ ಮನೆಗೆ ಹೋಗಿ ಜಗಲಿಯ ಮೇಲೆ ಕೂತು ಬರುತ್ತಿದ್ದೆ. ಒಂದೇ ಗೋಡೆಯ ಆಚೆ ಈಚೆ ನಮ್ಮ ಮನೆಗಳು. ಅವನು ಬೇಕಾದ್ದನ್ನು ಫೋನಿನಲ್ಲಿ ಬರೆದು ತೋರಿಸುತ್ತಿದ್ದ. ನೀರು. ಫ್ಯಾನು. ಮಾತ್ರೆ. ನಾನು ಅವನ ಬೆರಳನ್ನೇ ನೋಡುತ್ತಾ, ಇವತ್ತು ಕೇಳುತ್ತಾನೆ, ಈಗ ಬರೆಯುತ್ತಾನೆ ಅಂತ ಕಾಯುತ್ತಿದ್ದೆ. ನೋವಾದಾಗ ಅವನು ಗೋಡೆಗೆ ಮುಷ್ಟಿಯಿಂದ ಗುದ್ದುತ್ತಿದ್ದ. ನನ್ನ ಮನೆಯೊಳಗೆ ಮಲಗಿದ್ದರೂ ಆ ಗುದ್ದು ನನ್ನ ತಲೆಗೇ ಬೀಳುತ್ತಿತ್ತು. ಅವನು ಏನೂ ಕೇಳಲಿಲ್ಲ.

ತಂತಿ ಬಿಚ್ಚಿದ ಮೇಲೂ ಕೇಳಲಿಲ್ಲ. ಬಾಯಿ ಎರಡು ಬೆರಳಿನಷ್ಟೇ ತೆರೆಯುತ್ತಿತ್ತು, ಮಾತು ಒಂದು ಪಕ್ಕದಿಂದ ಜಾರಿ ಬರುತ್ತಿತ್ತು. ಇನ್ನೂ ಎರಡು ತಿಂಗಳು ಕಳೆದು, ಒಂದು ಬೆಳಿಗ್ಗೆ ನಾನು ಗಾಡಿ ತೆಗೆಯುವಾಗ ಪಾನಾದ ಚೀಲ ಹಿಡಿದು ಬಂದು ಹಿಂದೆ ಕೂತ. ಅವನ ಹೆಂಡತಿ ಬಾಗಿಲಲ್ಲಿ ನಿಂತಿದ್ದಳು. ನನ್ನ ಕಡೆ ನೋಡಲಿಲ್ಲ, ಅವನಿಗೆ ಹುಷಾರು ಅಂತಲೂ ಹೇಳಲಿಲ್ಲ. ಹೇಳಿ ಸೋತಿದ್ದಳು ಅನಿಸುತ್ತದೆ.

ಮುಳಬಾಗಿಲಿನ ಒಂದು ಬಟ್ಟೆ ಅಂಗಡಿ, ಎರಡು ಡಬ್ಬಿಯ ಶಟರು. ನಾನೇ ಬೋಲ್ಟಿನ ಹತ್ತಿರ ಇರುತ್ತೇನೆ, ನೀನು ಪಾನಾ ಹಿಡಿ ಅಂದೆ. ಅವನು ಕೇಳಿಸಿಕೊಳ್ಳದವನ ಹಾಗೆ ಕ್ಲಾಂಪಿನ ಕಡೆಯ ಏಣಿ ಹತ್ತಿದ. ನಾನು ಪಾನಾ ಹಾಕಿ, ಕಾಲು ಗಟ್ಟಿ ಊರಿ, ಬಲ ತೆಗೆದುಕೊಂಡು ಹೂಂ ಅಂದೆ. ಅವನು ಎರಡು ಬೋಲ್ಟನ್ನೂ ಸಡಿಲ ಮಾಡಿದ. ಸ್ಪ್ರಿಂಗಿನ ಭಾರ ಪೂರ್ತಿ ನನ್ನ ತೋಳಿಗೆ ಬಂತು. ಅರ್ಧ ಸುತ್ತು ಬಿಟ್ಟೆ. ಬಿಗಿ ಮಾಡು ಅಂದೆ.

ಅವನು ಬಿಗಿ ಮಾಡಲಿಲ್ಲ. ಕೈಯಲ್ಲಿದ್ದ ಸ್ಪ್ಯಾನರನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಏಣಿಯ ಮೇಲೆ ಒಂದು ಮೆಟ್ಟಿಲು ಹತ್ತಿ, ಪಾನಾ ಬರುವ ದಾರಿಗೆ ಸರಿಯಾಗಿ ತನ್ನ ದವಡೆ ತಂದು ನಿಲ್ಲಿಸಿದ. ಹೊಲಿಗೆಯ ಗುರುತು ನನ್ನ ಕಣ್ಣಿನ ಎದುರಿಗಿತ್ತು. ನಾನು ಕೈ ಬಿಟ್ಟರೆ ಈ ಸಲ ಅವನು ಉಳಿಯುವುದಿಲ್ಲ. ಮುಖ ಹಿಂದಕ್ಕೆ ತಗೋ ಅಂದೆ. ತೆಗೆದುಕೊಳ್ಳಲಿಲ್ಲ. ಕೆಟ್ಟ ಮಾತು ಬೈದೆ, ಅಮ್ಮನ ಮೇಲೆ ಆಣೆ ಹಾಕಿದೆ. ಕೆಳಗೆ ಅಂಗಡಿಯವರು ಏನಾಯ್ತು ಅಂತ ತಲೆಯೆತ್ತಿ ನೋಡುತ್ತಿದ್ದರು.

"ಅವತ್ತು ನಾನ್ ಕೇಳಿದ್ದು ಸ್ಪ್ರಿಂಗ್ ಅಲ್ಲ ಅಣ್ಣ" ಅಂದ ತಮ್ಮ. ಮಾತು ಒಂದು ಪಕ್ಕದಿಂದ ಬಂತು. "ನಿನ್ನೇ ಕೇಳಿದ್ದು. ನೀನು ಇಲ್ಲ ಬಿಡೋ ಅಂದೆ. ಕೈ ತಾನಾಗ್ತಾನೇ ಬಿಚ್ಬಿಡ್ತು."

ಮೂರೂವರೆ ತಿಂಗಳು ನಾನು ಹೊತ್ತಿದ್ದು ಬೇರೆ ಕತೆ. ಅವನು ಸ್ಪ್ರಿಂಗ್ ಕೇಳಿದ, ನಾನು ಜಗಳ ಅಂದುಕೊಂಡೆ ಅಂತ. ಹಾಗಲ್ಲ. ಅವನು ಕೇಳಿದ್ದೂ ಅದೇ, ನಾನು ಹೇಳಿದ್ದೂ ಅದಕ್ಕೇ. ನಾವಿಬ್ಬರೂ ಒಬ್ಬರಿಗೊಬ್ಬರು ಸರಿಯಾಗಿಯೇ ಅರ್ಥವಾಗಿದ್ದೆವು. ಅರ್ಥವಾಗದೆ ಹೋಗಿದ್ದು ಅವನ ಕೈಗೆ. ಇಲ್ಲ ಅಂದರೆ ಬಿಚ್ಚು ಅಂತ ಅದಕ್ಕೆ ಅಷ್ಟು ವರ್ಷ ಕಲಿಸಿದವರು ನಾವೇ.

"ನಿಜ ಹೇಳು" ಅಂದ. "ಅವತ್ತು ನಿಂಗೆ ಗುಸ್ಸಾ ಇರ್ಲಿಲ್ವಾ?"

ಬೆವರಿಗೆ ಪಾನಾದ ಹಿಡಿ ಜಾರುತ್ತಿತ್ತು. ಭುಜದಿಂದ ಬೆರಳಿನವರೆಗೆ ನರಗಳು ಉರಿಯುತ್ತಿದ್ದವು. ಇಲ್ಲ ಅಂದರೆ ಅವನು ಏನು ಮಾಡುತ್ತಿದ್ದನೋ ಗೊತ್ತಿಲ್ಲ. ಆದರೆ ಆ ಒಂದು ಉಸಿರಿನಷ್ಟು ಹೊತ್ತು, ಆ ಕಿರ್ ಅನ್ನುವ ಸದ್ದು, ಏಳದ ನನ್ನ ಬಾಯಿ, ಎಲ್ಲ ಒಟ್ಟಿಗೆ ಗಂಟಲಿಗೆ ಬಂತು. ಸುಳ್ಳು ಹೇಳುವ ಶಕ್ತಿ ತೋಳಿನಲ್ಲೂ ಇರಲಿಲ್ಲ, ನಾಲಿಗೆಯಲ್ಲೂ ಇರಲಿಲ್ಲ.

"ಇತ್ತು" ಅಂದೆ. "ಬೇಕಾದಷ್ಟಿತ್ತು ಕಣೋ. ಸುಳ್ಳು ಹೇಳ್ದೆ."

ಅವನು ಕದಲಲಿಲ್ಲ. ನನ್ನ ಕಣ್ಣಿನಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲು ಕೈ ಇರಲಿಲ್ಲ. ಅವನು ಅದನ್ನು ನೋಡಿದ.

"ಈಗ?"

ಚಾಚಾ ಆ ಮಾತನ್ನು ಶೆಡ್ಡಿನಿಂದ ತೆಗೆದುಹಾಕಿ ಎಷ್ಟೋ ದಿನವಾಗಿತ್ತು. ನನಗೆ ಮಾತ್ರ ಬೇರೆ ಮಾತು ಗೊತ್ತಿರಲಿಲ್ಲ. ನನ್ನ ಮೇಲೆ ನನಗಿದ್ದ ಗುಸ್ಸಾ, ಮುಖ ತಂದು ಎದುರಿಗಿಟ್ಟ ಅವನ ಮೇಲಿ‌ನ ಗುಸ್ಸಾ, ಪೈಪಿನೊಳಗಿನ ಗುಸ್ಸಾ, ಯಾವುದನ್ನು ಅವನು ಕೇಳುತ್ತಿದ್ದಾನೆ ಅಂತ ಯೋಚಿಸಲೂ ಇಲ್ಲ.

"ಐತೆ" ಅಂದೆ.

ತಮ್ಮ ಮುಖ ಹಿಂದಕ್ಕೆ ತೆಗೆದುಕೊಂಡ. ಸೊಂಟದಿಂದ ಸ್ಪ್ಯಾನರ್ ತೆಗೆದು, ಎರಡು ಬೋಲ್ಟನ್ನೂ ಒಂದಾದ ಮೇಲೊಂದು ಬಿಗಿ ಮಾಡಿದ.